ಹೈದರಾಬಾದಿಗೆ ಹೊಂಟ ಕೆಂಪಂಗಿ

"ಎಲ್ಲಿಗೆ ಹೊಂಟೀರಪಾ ತಮ್ಮಗೋಳ್ಯಾ?"

"ಹೈದರಾಬಾದಿಗ್ರೀ ಕಾಕಾ. ಮ್ಯಾಚ್ ಐತಿ."

"ನೀವ್ ಯಾರ ಕಡೇರು?"

"ಬೆಂಗಳೂರ ಕಡೇರ್ರೀ. ಆರ್‌ಸಿಬಿ."

"ಬೆಂಗಳೂರ ಕಡೇರು ಬೆಂಗಳೂರ ಬಸ್ ಹತ್ತಬೇಕೋ ಬ್ಯಾಡೋ? ವೈರಿ ಊರಿನ ಬಸ್ ಯಾಕ ಹತ್ತೀರಿ?"

ಐಪಿಎಲ್ ಹಂಗಾಮು ಬಂತೆಂದರೆ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಂಥ ಮಾತು ಕೇಳುವುದು ಹೊಸದಲ್ಲ. ಕಾಕಾನ ಪ್ರಶ್ನೆ ನ್ಯಾಯವಾದದ್ದೇ. ಹುಡುಗರು ಉತ್ತರ ಕೊಡದೆ ನಕ್ಕು ಸುಮ್ಮನಾಗುತ್ತಾರೆ. ಮೈಮೇಲೆ ಬಿಳಿ ಅಂಗಿಯೋ ಚೌಕಡಿ ಅಂಗಿಯೋ ಇರುತ್ತದೆ. ಒಳಗೆ ಮಾತ್ರ ಕೆಂಪು ಜೆರ್ಸಿ, ಬೆನ್ನ ಮೇಲೆ 18 ನಂಬರು. ಆ ನಂಬರು ಯಾರದು ಅಂತ ಈಗ ಕಿರಾಣಿ ಅಂಗಡಿಯ ಮುದುಕರಿಗೂ ಹೇಳಿಕೊಡಬೇಕಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಹಳೆಯ ತಾಲೂಕುಗಳ ಕ್ರಿಕೆಟ್ ಹುಚ್ಚರ ಪಾಡು ಒಂಥರಾ ವಿಚಿತ್ರ. ತಂಡ ಬೆಂಗಳೂರಿನದು. ನೋಡಲು ಹೋಗುವ ಮೈದಾನ ಹೈದರಾಬಾದಿನದು. ಆ ಹೈದರಾಬಾದು ಒಂದು ಕಾಲಕ್ಕೆ ಇವರ ಅಜ್ಜಂದಿರ ರಾಜಧಾನಿ!

ದೂರದ ಲೆಕ್ಕ

ಮೊದಲು ಅಂಗಡಿಕಾರರ ಹಾಗೆ ಲೆಕ್ಕ ಹಾಕೋಣ. ಗಂಗಾವತಿಯಿಂದ ಬೆಂಗಳೂರಿಗೂ ಹೈದರಾಬಾದಿಗೂ ರಸ್ತೆ ಹೆಚ್ಚು ಕಡಿಮೆ ಸಮಸಮ, ಎರಡೂ 350 ಕಿಲೋಮೀಟರಿನ ಆಜುಬಾಜು. ಎರಡು ಕಡೆಗೂ ರಾತ್ರಿ ಕಳೆಯಬೇಕು, ಎರಡು ಕಡೆಗೂ ಒಂದೆರಡು ದಿನದ ದುಡಿಮೆ ಬಿಡಬೇಕು. ದೂರ ಸಮಸಮ ಆದ ಮೇಲೆ ಉಳಿಯುವುದು ಟಿಕೇಟಿನ ಪ್ರಶ್ನೆ.

ಚಿನ್ನಸ್ವಾಮಿ ಕ್ರೀಡಾಂಗಣದ ಟಿಕೇಟು ಸಿಗುವುದೆಂದರೆ ಲಾಟರಿ ಹೊಡೆದ ಹಾಗೆ. ಮೊಬೈಲಿನಲ್ಲಿ ಮಾರಾಟ ತೆರೆಯುತ್ತದೆ, ಕಣ್ಣುಮುಚ್ಚಿ ತೆರೆಯುವುದರೊಳಗೆ ಖಾಲಿ. ಬೆಂಗಳೂರಿನ ಮಂದಿಗೇ ಸಿಗದ್ದು ಕುಷ್ಟಗಿಯ ಹುಡುಗನಿಗೆ ಎಲ್ಲಿಂದ ಸಿಕ್ಕೀತು? ಹೈದರಾಬಾದಿನ ಉಪ್ಪಲ್ ಮೈದಾನದಲ್ಲೂ ಟಿಕೇಟು ಗಿಡದಲ್ಲಿ ತೂಗುತ್ತಿಲ್ಲ. ಆದರೆ ಒಂದು ಬಾಗಿಲು ಮುಚ್ಚಿದವನಿಗೆ ಇನ್ನೊಂದು ಬಾಗಿಲು ತಟ್ಟುವ ಅವಕಾಶ ಸಿಗುತ್ತದಲ್ಲ, ಅಷ್ಟು ಸಾಕು.

ಕಾಕಾನ ಪ್ರಶ್ನೆಗೆ ಹುಡುಗರು ಕೊಡಬಹುದಾದ ಮೊದಲ ಉತ್ತರ ಇದು. ಎರಡನೆಯ ಉತ್ತರ ಹುಡುಗರಿಗೂ ಗೊತ್ತಿಲ್ಲ, ಕಾಕಾನ ಅಪ್ಪನಿಗೆ ಗೊತ್ತಿತ್ತು.

ಅಜ್ಜನ ರಾಜಧಾನಿ

1948ರ ಸೆಪ್ಟೆಂಬರ್ 17ರವರೆಗೆ ಈ ನಾಲ್ಕೂ ತಾಲೂಕುಗಳು ನಿಜಾಮರ ಸಂಸ್ಥಾನದಲ್ಲಿದ್ದವು. ಅದಾದ ಮೇಲೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯವೇ. ಆಗಿನ ಮಟ್ಟಿಗೆ ಬೆಂಗಳೂರು ಅಂದರೆ ಪರರಾಜ್ಯ, ಮೈಸೂರು ಮಹಾರಾಜರ ಸೀಮೆ. ದೊಡ್ಡ ಕಚೇರಿ, ದೊಡ್ಡ ಆಸ್ಪತ್ರೆ, ದೊಡ್ಡ ಓದು ಎಲ್ಲಕ್ಕೂ ಹೈದರಾಬಾದು. ಕಿಸೆಯಲ್ಲಿ ಹಾಲಿ ಸಿಕ್ಕಾ ರೂಪಾಯಿ, ಕೋರ್ಟಿನಲ್ಲಿ ಉರ್ದು, ಓದಿದವನಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯ.

ಕೊಪ್ಪಳ ಮತ್ತು ಯಲಬುರ್ಗಾ ಸೀಮೆಯಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಇವತ್ತು ಮ್ಯಾಚಿಗೆಂದು ಹೋದ ಹುಡುಗರು ಹಗಲು ಹೊತ್ತು ಕಳೆಯಲು ಸಾಲಾರ್ ಜಂಗ್ ಮ್ಯೂಸಿಯಂ ನೋಡಲು ಹೋಗುತ್ತಾರೆ. ಬಸ್‌ಸ್ಟ್ಯಾಂಡಿನಿಂದ ದೂರವಿಲ್ಲ. ಗಂಟೆ ಹೊಡೆಯುವ ಗೊಂಬೆಯ ಗಡಿಯಾರ, ಅಮೃತಶಿಲೆಯಲ್ಲಿ ಕಡೆದ ಮುಸುಕಿನ ಹೆಣ್ಣು ನೋಡಿ ಬಾಯಿ ತೆರೆಯುತ್ತಾರೆ. ಆ ಮನೆತನದ ಖಜಾನೆಗೆ ತಮ್ಮ ಅಜ್ಜನ ಹೊಲದ ಕಂದಾಯವೂ ಸೇರಿತ್ತು ಅನ್ನುವುದು ಎಷ್ಟು ಮಂದಿಗೆ ನೆನಪು? ಟಿಕೇಟು ಕೊಟ್ಟು ಒಳಗೆ ಹೋಗಿ ಬರುತ್ತಾರೆ. (ಶುಕ್ರವಾರ ಮ್ಯೂಸಿಯಂ ಬಂದ್ ಇರುತ್ತದೆ, ಹೋಗುವವರು ನೆನಪಿಟ್ಟುಕೊಳ್ಳಬೇಕು.)

ಹಾಗಂತ ಹಳೆಯ ನೆನಪೆಲ್ಲ ಸಕ್ಕರೆ ಅಲ್ಲ. ರಜಾಕಾರರ ಕಾಲದಲ್ಲಿ ಈ ಸೀಮೆಯ ಮಂದಿ ಮನೆ ಬಿಟ್ಟು ಗಡಿ ದಾಟಿದ್ದುಂಟು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿ ಶಿಬಿರ ಕಟ್ಟಿ ಹೋರಾಡಿದ್ದು ಮರೆಯುವ ಸಂಗತಿಯಲ್ಲ. ಆಗ ಹೈದರಾಬಾದು ಅಂದರೆ ಹಲ್ಲು ಕಡಿಯುವ ಹೆಸರು. ಅದೇ ಊರಿಗೆ ಇವತ್ತು ಮೊಮ್ಮಕ್ಕಳು ಬುತ್ತಿ ಕಟ್ಟಿಕೊಂಡು ಆಟ ನೋಡಲು ಹೊರಟಿದ್ದಾರೆ. ಕಾಲ ಹೇಗೆ ತಿರುಗುತ್ತದೆ ನೋಡಿ!

ಕ್ರಿಕೆಟಿನಲ್ಲೂ ಹಳೆಯ ತಲೆಮಾರಿನ ಮನಸ್ಸು ಎರಡಾಗಿತ್ತು. ರೇಡಿಯೋ ಕಾಲದಲ್ಲಿ ಜಿ.ಆರ್. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಅಂದರೆ ಇವರ ಹುಡುಗರೇ. 1973-74ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದಾಗ ಆದ ಸಂತೋಷಕ್ಕೆ ಗಡಿ ಇರಲಿಲ್ಲ. ಆದರೆ ಹೈದರಾಬಾದಿನಲ್ಲಿ ಓದಿ ಬಂದವರಿಗೆ ಜಯಸಿಂಹ, ಅಬಿದ್ ಅಲಿ ಅಂದರೂ ಅಷ್ಟೇ ಪ್ರೀತಿ. ಆಮೇಲೆ ಬಂದ ಅಜರುದ್ದೀನ್ ಮಣಿಕಟ್ಟು ತಿರುಗಿಸಿ ಚೆಂಡು ಅಟ್ಟುವುದನ್ನು ನೋಡಿದ ಮೇಲಂತೂ ಆ ಊರು ಈ ಊರು ಅನ್ನುವ ಭೇದ ಯಾರಿಗೆ ನೆನಪಿತ್ತು?

ಎರಡು ಸಲ ಕಪ್ ಕಸಿದ ಊರು

ಐಪಿಎಲ್ ಬಂದ ಮೇಲೆ ಭೇದ ಬಂತು. ಬರಲು ಕಾರಣವೂ ಇದೆ.

2009ರ ಮೇ 24ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಫೈನಲ್. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ 143 ಓಟ ಹೊಡೆಯಿತು. ಅನಿಲ್ ಕುಂಬ್ಳೆ 16 ಓಟಕ್ಕೆ 4 ವಿಕೆಟ್ ಕಿತ್ತರು. ಇನ್ನೇನು ಕಪ್ ಬಂತು ಅನ್ನುವಷ್ಟರಲ್ಲಿ ಬೆಂಗಳೂರು 137ಕ್ಕೆ ನಿಂತಿತು. ಸೋಲು 6 ಓಟದಿಂದ.

2016ರ ಮೇ 29ರಂದು ಮತ್ತೊಂದು ಫೈನಲ್. ಈ ಸಲ ಬೆಂಗಳೂರಿನ ಸ್ವಂತ ಅಂಗಳದಲ್ಲಿ, ಸನ್‌ರೈಸರ್ಸ್ ಹೈದರಾಬಾದ್ ಮೇಲೆ. ಅವರು 208. ಇವರು ಗೇಲ್ ಮತ್ತು ಕೊಹ್ಲಿ ಜೋಡಿಯಿಂದ ಮೊದಲ ವಿಕೆಟಿಗೆ 114. ಟಿವಿ ಅಂಗಡಿಗಳ ಮುಂದೆ ನಿಂತವರು ಪಟಾಕಿ ಕೈಯಲ್ಲಿ ಹಿಡಿದು ಕಾಯಬಹುದಾದ ಸ್ಕೋರು. ಕೊನೆಗೆ 200ಕ್ಕೆ ಆಟ ಮುಗಿಯಿತು. ಸೋಲು 8 ಓಟದಿಂದ. 2025ರವರೆಗೆ ಬೆಂಗಳೂರು ತಂಡ ತನ್ನ ಊರಲ್ಲಿ ಆಡಿದ ಫೈನಲ್ ಅದೊಂದೇ, ಅದನ್ನೇ ಸೋತಿತ್ತು.

ಮತ್ತೆ 2024ರ ಏಪ್ರಿಲ್ 15. ಚಿನ್ನಸ್ವಾಮಿಯಲ್ಲೇ ಹೈದರಾಬಾದು 20 ಓವರಿನಲ್ಲಿ 287 ಹೊಡೆಯಿತು. ಐಪಿಎಲ್ ಚರಿತ್ರೆಯಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಹೊಡೆದಿರಲಿಲ್ಲ. ದಿನೇಶ್ ಕಾರ್ತಿಕ್ 35 ಚೆಂಡಿಗೆ 83 ಬಾರಿಸಿ 262ರವರೆಗೆ ತಂದರೂ ಸೋಲು ಸೋಲೇ.

ಇಷ್ಟೆಲ್ಲ ಆದ ಮೇಲೂ ಈ ಹುಡುಗರು ಆ ಊರಿಗೇ ಯಾಕೆ ಹೋಗುತ್ತಾರೆ? ಯಾಕೆಂದರೆ ಅವರ ಊರಲ್ಲಿ ಇವರು ಗೆದ್ದದ್ದೂ ಉಂಟು! 2023ರ ಮೇ 18ರಂದು ಉಪ್ಪಲ್‌ನಲ್ಲಿ ಹೈದರಾಬಾದಿನ ಕ್ಲಾಸೆನ್ 104 ಹೊಡೆದ. ಉತ್ತರವಾಗಿ ಕೊಹ್ಲಿ 63 ಚೆಂಡಿಗೆ 100. ಬೆಂಗಳೂರಿಗೆ 8 ವಿಕೆಟ್ ಗೆಲುವು. 287ರ ಅವಮಾನ ಆಗಿ ಬರೋಬ್ಬರಿ ಹತ್ತು ದಿನಕ್ಕೆ, 2024ರ ಏಪ್ರಿಲ್ 25ರಂದು, ಅದೇ ಉಪ್ಪಲ್‌ನಲ್ಲಿ ಬೆಂಗಳೂರು 206 ಹೊಡೆದು 35 ಓಟದಿಂದ ಗೆದ್ದಿತು. ರಜತ್ ಪಾಟೀದಾರ್ 20 ಚೆಂಡಿಗೆ 50. ಅದಕ್ಕೆ ಮೊದಲು ಸತತ ಆರು ಪಂದ್ಯ ಸೋತಿದ್ದ ತಂಡ ಅಲ್ಲಿಂದ ಸತತ ಆರು ಪಂದ್ಯ ಗೆದ್ದಿತು. ಹಳಿ ತಪ್ಪಿದ ಗಾಡಿ ಮತ್ತೆ ಹಳಿಗೆ ಹತ್ತಿದ್ದು ವೈರಿಯ ಸ್ಟೇಷನ್ನಿನಲ್ಲಿ. ಆ ರಾತ್ರಿ ಗ್ಯಾಲರಿಯಲ್ಲಿ ಕೂತಿದ್ದವರು ಜೀವಮಾನವಿಡೀ ಹೇಳಿಕೊಂಡು ತಿರುಗಿದರೆ ತಪ್ಪೇನು?

ಕೃಷ್ಣೆ ದಾಟುವ ಹೊತ್ತು

ಹೋಗುವ ದಾರಿ ಎರಡು. ಕೊಪ್ಪಳದವರಿಗೆ ಹುಬ್ಬಳ್ಳಿಯಿಂದ ಬರುವ ಹೈದರಾಬಾದ್ ರೈಲು. ಹೊಸಪೇಟೆ, ಬಳ್ಳಾರಿ, ಗುಂತಕಲ್ಲು, ರಾಯಚೂರು ಅಂತ ಊರು ಸುತ್ತಿಕೊಂಡು ಹೋಗುತ್ತದೆ, ಆದರೆ ಮಲಗಲು ಜಾಗ ಸಿಕ್ಕರೆ ಮೈ ನೋಯುವುದಿಲ್ಲ. ಗಂಗಾವತಿಯವರಿಗೆ ಬಸ್ಸೇ ಸಲೀಸು. ಕಾರಟಗಿ, ಸಿಂಧನೂರು, ಮಾನ್ವಿ, ರಾಯಚೂರು ದಾಟಿ ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ. ಸೇತುವೆಯ ಆಚೆ ತೆಲಂಗಾಣ. ಮಕ್ತಲ್, ಮೆಹಬೂಬ್‌ನಗರ, ಜಡ್ಚರ್ಲಾ, ಆಮೇಲೆ ಹೈದರಾಬಾದಿನ ದೊಡ್ಡ ಬಸ್‌ಸ್ಟ್ಯಾಂಡು. ಎಂಜಿಬಿಎಸ್ ಅಂತ ಬೋರ್ಡು, ಹಳಬರ ಬಾಯಲ್ಲಿ ಇಮ್ಲಿಬನ್.

ಸೇತುವೆ ದಾಟುವಾಗ ಬಸ್ಸಿನೊಳಗೆ ಒಂದು ಗದ್ದಲ ಏಳುತ್ತದೆ. "ಈ ಸಲ ಕಪ್ ನಮ್ದೇ" ಅಂತ ಒಬ್ಬ ಕೂಗುತ್ತಾನೆ, ಹಿಂದಿನ ಸೀಟಿನವರು ದನಿ ಕೂಡಿಸುತ್ತಾರೆ. ಮುಂದಿನ ಸೀಟಿನಲ್ಲಿ ಆಸ್ಪತ್ರೆಗೆ ಹೊರಟ ಹಿರಿಯರು ಇರುತ್ತಾರೆ, ಕಂಡಕ್ಟರ್ ಗದರುತ್ತಾನೆ, ಗದ್ದಲ ಅಡಗುತ್ತದೆ. ಸೇತುವೆ ದಾಟಿದ ಮೇಲೆ ಬೋರ್ಡಿನ ಅಕ್ಷರ ಬದಲಾಗುತ್ತದೆ. ಹೊಲ, ಹತ್ತಿ, ಬಿಸಿಲು ಮಾತ್ರ ಅದೇ.

ಭಾಷೆಯ ತೊಂದರೆ ಈ ಭಾಗದವರಿಗೆ ಇಲ್ಲವೇ ಇಲ್ಲ ಅನ್ನಬೇಕು. ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಆಂಧ್ರದಿಂದ ಬಂದು ಗಂಗಾವತಿ ಸುತ್ತಮುತ್ತ ಕ್ಯಾಂಪು ಕಟ್ಟಿದ ರೈತರ ಮನೆಗಳಲ್ಲಿ ತೆಲುಗು ಮಾತು ಉಂಟು. ಓಣಿಯ ಗೆಳೆಯರ ಮನೆಯಲ್ಲಿ ದಖ್ಖನಿ ಉರ್ದು ಉಂಟು. "ನಕ್ಕೋ" ಅಂದರೆ ಬೇಡ ಅನ್ನುವುದು ಕೊಪ್ಪಳದಲ್ಲೂ ಗೊತ್ತು, ಚಾರ್‌ಮಿನಾರ್ ಹತ್ತಿರವೂ ಗೊತ್ತು. ಬೆಂಗಳೂರಿನ ಆಟೋದವನಿಗೆ "ಎಷ್ಟ್ ಆಕ್ಕೈತ್ರಿ" ಅಂದರೆ ಒಮ್ಮೆ ತಿರುಗಿ ನೋಡುತ್ತಾನೆ. ಹೈದರಾಬಾದಿನ ಆಟೋದವನ ಜೊತೆ ಗಂಗಾವತಿ ಹುಡುಗ ಉರ್ದುವಿನಲ್ಲಿ ಚೌಕಾಶಿ ಮಾಡಿ ಬರುತ್ತಾನೆ. ಯಾವುದು ತನ್ನ ಊರು, ಯಾವುದು ಪರ ಊರು?

ಕಾಚಿಗುಡದ ಕಡೆ ಕನ್ನಡಿಗರೇ ಕಟ್ಟಿದ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ಅಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡ ಮನೆಗಳೂ ಉಂಟು. ಪಂದ್ಯದ ದಿನ ಗ್ಯಾಲರಿಯಲ್ಲಿ ಕಾಣುವ ಕೆಂಪಂಗಿಗಳೆಲ್ಲ ಬಸ್ಸಿಳಿದು ಬಂದವರೇ ಅಂತ ತಿಳಿಯಬೇಕಿಲ್ಲ.

ಗೇಟಿನಲ್ಲಿ ಬುತ್ತಿ ಹೋಯಿತು

ಮೈದಾನಕ್ಕೆ ಹೋಗಲು ಮೆಟ್ರೋ ಇದೆ. ಎಂಜಿಬಿಎಸ್‌ನಲ್ಲಿ ಹತ್ತಿ, ಪರೇಡ್ ಗ್ರೌಂಡ್ಸ್‌ನಲ್ಲಿ ಗಾಡಿ ಬದಲಿಸಿ, 'ಸ್ಟೇಡಿಯಂ' ಅಂತಲೇ ಹೆಸರಿರುವ ನಿಲ್ದಾಣದಲ್ಲಿ ಇಳಿದರಾಯಿತು. ದಾರಿ ತಪ್ಪುವ ಭಯವಿಲ್ಲ, ಕೆಂಪು ಮತ್ತು ಕಿತ್ತಳೆ ಬಣ್ಣದ ಹಿಂದೆ ಹೋದರೆ ಸಾಕು.

ಹೊರಗೆ ಸಾಲು ಹಿಡಿದು ಜೆರ್ಸಿ ಮಾರುವವರನ್ನು ನೋಡಬೇಕು. ಒಂದು ಭುಜದ ಮೇಲೆ ಕೆಂಪು, ಇನ್ನೊಂದರ ಮೇಲೆ ಕಿತ್ತಳೆ. ಯಾರು ಬಂದರೂ "ಆಯಿಯೇ ಭಾಯ್". ವ್ಯಾಪಾರಕ್ಕೆ ಪಕ್ಷವಿಲ್ಲ ಅನ್ನುವ ಪಾಠವನ್ನು ಗಂಗಾವತಿ ಮಾರ್ಕೆಟ್ಟಿನವರು ಬೇರೆಯವರಿಂದ ಕಲಿಯಬೇಕಿಲ್ಲ ಬಿಡಿ. ಕೆನ್ನೆಗೆ ಬಣ್ಣ ಬಳಿಯುವವರದೂ ಅದೇ ಕಥೆ. ಒಂದೇ ಕುಂಚ, ಎರಡು ಡಬ್ಬಿ.

ಹೊಸದಾಗಿ ಹೋದವರು ಗೇಟಿನಲ್ಲಿ ಪೆಟ್ಟು ತಿನ್ನುತ್ತಾರೆ. ಚೀಲ ಒಳಗೆ ಬಿಡುವುದಿಲ್ಲ. ನೀರಿನ ಬಾಟ್ಲಿ, ಪವರ್ ಬ್ಯಾಂಕ್, ಹೆಲ್ಮೆಟ್ ಯಾವುದೂ ಇಲ್ಲ. ಅವ್ವ ಬೆಳಿಗ್ಗೆದ್ದು ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಹೊರಗೇ ಉಳಿಯಬೇಕು. ಜಾಣರು ಮೆಟ್ರೋ ಇಳಿದ ಕೂಡಲೇ ನೆರಳು ನೋಡಿ ಕೂತು ಬುತ್ತಿ ಮುಗಿಸಿಯೇ ಸಾಲು ಹಿಡಿಯುತ್ತಾರೆ. ಒಳಗೆ ಕೊಳ್ಳುವ ತಿಂಡಿ, ನೀರಿನ ರೇಟು ಕೇಳಿದರೆ ಹಸಿವು ತಾನೇ ಅಡಗುತ್ತದೆ.

ಇನ್ನೊಂದು ಮುಖ್ಯ ಮಾತು. ಮೈದಾನದ ಹೊರಗೆ ಕಿವಿಯಲ್ಲಿ "ಟಿಕೇಟ್ ಹೈ ಭಾಯ್" ಅನ್ನುವವರ ಹತ್ತಿರ ಹೋಗಬಾರದು. ದುಪ್ಪಟ್ಟು ದುಡ್ಡು ಕೊಟ್ಟು ತಂದ ಚೀಟಿ ಗೇಟಿನಲ್ಲಿ ಸುಳ್ಳು ಅಂತ ಗೊತ್ತಾದರೆ ದೂರು ಕೊಡುವುದು ಯಾರ ಮೇಲೆ? 350 ಕಿಲೋಮೀಟರ್ ಬಂದು ಹೊರಗೆ ನಿಂತು ಒಳಗಿನ ಕೂಗು ಕೇಳುವುದು ಶತ್ರುವಿಗೂ ಬೇಡ.

ಒಳಗೆ ಹೋಗಿ ಕೂತ ಮೇಲೆ ಮೇಲಿನ ಅಂಗಿ ಕಳಚುತ್ತದೆ. ಬೆಳಿಗ್ಗೆಯಿಂದ ಬೆವರಿನಲ್ಲಿ ನೆಂದ ಕೆಂಪು ಜೆರ್ಸಿಗೆ ಗಾಳಿ ಸಿಗುತ್ತದೆ. ಪಕ್ಕದಲ್ಲಿ ಕಿತ್ತಳೆ ಅಂಗಿಯವನು ಕೂತಿರುತ್ತಾನೆ. ಮೊದಲ ಐದು ಓವರು ಮುಖ ತಿರುಗಿಸಿ ಕೂತವರು ಹತ್ತನೇ ಓವರಿಗೆ ಮಾತಿಗಿಳಿಯುತ್ತಾರೆ. "ಎಲ್ಲಿಂದ?" "ಕೊಪ್ಪಳ." "ಅಂದ್ರೆ ರಾಯಚೂರು ಹತ್ರಾನೇ?" ಅಲ್ಲಿಗೆ ಅರ್ಧ ಜಗಳ ಮುಗಿಯಿತು.

ಉಳಿದರ್ಧವನ್ನು ಆಟಗಾರರೇ ಮುಗಿಸಿಬಿಟ್ಟಿದ್ದಾರೆ. 2018ರಿಂದ 2024ರವರೆಗೆ ಬೆಂಗಳೂರಿಗೆ ಬೌಲಿಂಗ್ ಮಾಡಿದ ಮಹಮ್ಮದ್ ಸಿರಾಜ್ ಹೈದರಾಬಾದಿನ ಹುಡುಗ, ಆಟೋ ಓಡಿಸುತ್ತಿದ್ದವರ ಮಗ. ಕರ್ನಾಟಕದ ಮನೀಶ್ ಪಾಂಡೆ 2018ರಿಂದ 2021ರವರೆಗೆ ಹೈದರಾಬಾದಿಗೆ ಆಡಿದ. ಸಿರಾಜ್ ಕೆಂಪಂಗಿ ಹಾಕಿ ಬಂದಾಗ ಹೈದರಾಬಾದಿನವರು ಬಯ್ಯಬೇಕೋ ಚಪ್ಪಾಳೆ ಹೊಡೆಯಬೇಕೋ? ಆಟಗಾರರ ಅಂಗಿ ಹರಾಜಿನಲ್ಲಿ ಬದಲಾಗುತ್ತದೆ. ನೋಡುವವನ ಅಂಗಿ ಮಾತ್ರ ಬದಲಾಗುವುದಿಲ್ಲ, ಅದೇ ಅವನ ದೊಡ್ಡತನ, ಅದೇ ಅವನ ಹುಚ್ಚು.

ಜಗಳ ಆಗುವುದೇ ಇಲ್ಲವೇ? ಆಗುತ್ತದೆ. ಗೆದ್ದ ಮದದಲ್ಲಿ ಎದುರಿನವನ ಮುಖದ ಮುಂದೆ ಕುಣಿದರೆ, ಅವರ ಊರಿಗೆ ಬಯ್ದರೆ ಆಗದೇ ಇರುತ್ತದೆಯೇ? ನೆಂಟರ ಮನೆಗೆ ಹೋದವನು ಪಡಸಾಲೆಯಲ್ಲಿ ಹೇಗಿರಬೇಕೋ ಹಾಗಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಕೂಗು, ಕುಣಿ, ಆದರೆ ಆ ಮನೆಯವರನ್ನು ಹಂಗಿಸಬೇಡ. ಇಷ್ಟೇ ನಿಯಮ. ಪಂದ್ಯ ಮುಗಿಯುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಗೆದ್ದರೂ ಸೋತರೂ ಜೆರ್ಸಿಯ ಮೇಲೆ ಮತ್ತೆ ಚೌಕಡಿ ಅಂಗಿ ಏರುತ್ತದೆ, ಕಾಲು ಬಸ್‌ಸ್ಟ್ಯಾಂಡಿನ ಕಡೆ ತಿರುಗುತ್ತದೆ.

ಸ್ವಂತ ಊರಿನ ಗೇಟು

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತು ಹೇಳದೆ ಮುಗಿಸುವಂತಿಲ್ಲ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ಓಟದಿಂದ ಸೋಲಿಸಿ ಬೆಂಗಳೂರು ಕಡೆಗೂ ಕಪ್ ಎತ್ತಿತು. ಹದಿನೆಂಟನೇ ಹಂಗಾಮು. 2009ರಲ್ಲಿ ಕಪ್ ತಪ್ಪಿದ ಅದೇ 6 ಓಟ ಈ ಸಲ ಕಪ್ ತಂದುಕೊಟ್ಟಿತು. ಕೊಪ್ಪಳದ ಓಣಿಯಿಂದ ಹಿಡಿದು ಯಲಬುರ್ಗಾದ ಹಳ್ಳಿಯವರೆಗೆ ಆ ರಾತ್ರಿ ನಿದ್ದೆ ಮಾಡಿದವರು ಕಡಿಮೆ.

ಮರುದಿನ ಜೂನ್ 4. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಒಳಗೆ ಹೋಗಲು ಪಾಸು ಬೇಕೋ ಬೇಡವೋ ಅನ್ನುವ ಗೊಂದಲ. ಗೇಟುಗಳ ಮುಂದೆ ಲಕ್ಷಗಟ್ಟಲೆ ಜನ. ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹೆಚ್ಚಿನವರು ಎಳೆ ವಯಸ್ಸಿನವರು. ಬ್ಯಾಟು ಬಾಲು ಮುಟ್ಟದ ದಿನ, ಎದುರಾಳಿಯೇ ಇಲ್ಲದ ದಿನ, ತಮ್ಮದೇ ತಂಡದ ತಮ್ಮದೇ ಊರಿನ ಬಾಗಿಲಲ್ಲಿ ಹೋದರು.

ವೈರಿ ಊರಿಗೆ ಮಗ ಹೊರಟಾಗ ತಾಯಿ ಹತ್ತು ಸಲ "ಜ್ವಾಕಿ ಮಗನ" ಅನ್ನುತ್ತಾಳೆ. ಸ್ವಂತ ರಾಜಧಾನಿಗೆ ಹೊರಟಾಗ ಹಾಗೆ ಅನ್ನಬೇಕು ಅಂತ ಯಾರಿಗೆ ಹೊಳೆದೀತು? ಭಯ ಇರಬೇಕಾದ್ದು ಕಿತ್ತಳೆ ಅಂಗಿಗಲ್ಲ, ಲೆಕ್ಕವಿಲ್ಲದ ನೂಕುನುಗ್ಗಲಿಗೆ. ಉಪ್ಪಲ್‌ಗೆ ಹೋದವನ ಕೈಯಲ್ಲಿ ಗೇಟಿನ ನಂಬರು, ಸೀಟಿನ ನಂಬರು ಬರೆದ ಟಿಕೇಟು ಇತ್ತು. ಅದು ಬರೀ ಆಟ ನೋಡುವ ಚೀಟಿಯಲ್ಲ, ನಿನಗೆ ನಿಲ್ಲಲು ಒಂದು ಜಾಗ ಉಂಟು ಅನ್ನುವ ಭರವಸೆ. ಆ ಭರವಸೆ ಇಲ್ಲದ ಕಡೆ ಎಷ್ಟೇ ಪ್ರೀತಿಯ ತಂಡ ಬರಲಿ, ಹಿಂದೆ ಸರಿಯುವುದೇ ಜಾಣತನ.

ಜನಸಾಗರ ಈ ಜಿಲ್ಲೆಗೆ ಹೊಸದಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಮಂದಿ ಬರುತ್ತಾರೆ, ತೇರು ನೋಡುತ್ತಾರೆ, ದಾಸೋಹದಲ್ಲಿ ಉಣ್ಣುತ್ತಾರೆ. ತೇರು ಎಲ್ಲಿಂದ ಎಳೆಯುತ್ತದೆ, ಜನ ಎಲ್ಲಿ ನಿಲ್ಲಬೇಕು, ಊಟಕ್ಕೆ ಯಾವ ಕಡೆ ಹೋಗಬೇಕು ಅನ್ನುವುದಕ್ಕೆ ತಿಂಗಳುಗಟ್ಟಲೆ ತಯಾರಿ ನಡೆದಿರುತ್ತದೆ. ಒಂದೇ ರಾತ್ರಿಯಲ್ಲಿ ಕೂಡಿಬಂದ ಜಾತ್ರೆಗೆ ಅಂಥ ತಯಾರಿ ಎಲ್ಲಿಂದ ಬಂದೀತು?

ಮುಂದಿನ ಬಸ್ಸು

ದಾರಿಗಳು ಈಗ ಹತ್ತಿರವಾಗುತ್ತಿವೆ. ಗಂಗಾವತಿಗೆ 2019ರಲ್ಲಿ ರೈಲು ಬಂತು, ಅದೇ ಹಳಿ 2024ರಲ್ಲಿ ಸಿಂಧನೂರು ಮುಟ್ಟಿತು. ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ ಅಂತ ಅದರ ಹೆಸರಿನಲ್ಲೇ ಹೈದರಾಬಾದಿನ ದಿಕ್ಕು ಇದೆ. ಕುಷ್ಟಗಿಗೆ 2025ರ ಮೇ 15ರಂದು ಮೊದಲ ರೈಲು ಬಂತು. ಅದು ಗದಗ–ವಾಡಿ ಮಾರ್ಗದ ತುಂಡು. ವಾಡಿ ಅಂದರೆ ಅಲ್ಲಿಂದ ಹೈದರಾಬಾದಿಗೆ ನೇರ ಹಳಿ. ನಿಜಾಮರ ಕಾಲಕ್ಕೆ ಎತ್ತಿನ ಗಾಡಿ ಕಟ್ಟಿಕೊಂಡು ಹೋದ ದಿಕ್ಕಿಗೇ ರೈಲೂ ಮುಖ ಮಾಡಿದೆ.

ಹೋಗಿ ಬಂದ ಹುಡುಗರು ಬೆಳಗಿನ ಜಾವ ಗಂಗಾವತಿಯಲ್ಲಿ ಇಳಿಯುತ್ತಾರೆ. ಕಣ್ಣು ಕೆಂಪು, ಗಂಟಲು ಕಟ್ಟಿರುತ್ತದೆ. ಕೈಯಲ್ಲಿ ಮನೆಗೆ ಅಂತ ಒಂದು ಡಬ್ಬಿ ಉಸ್ಮಾನಿಯಾ ಬಿಸ್ಕೀಟು. ಚಹಾದ ಅಂಗಡಿಯ ಬೆಂಚಿನ ಮೇಲೆ ಅದೇ ಕಾಕಾ.

"ಏನಾತೋ? ಗೆದ್ರೇನು?"

"ಸೋತ್ವ್ರೀ ಕಾಕಾ."

"ವೈರಿ ಊರಾಗ ಯಾರೂ ಹೊಡೀಲಿಲ್ಲಲ್ಲ?"

"ಇಲ್ರೀ. ಬಾಜೂ ಕುಂತಾಂವ ಚಾ ಕುಡಿಸಿ ಕಳಿಸ್ಯಾನ."

ಕಾಕಾ ಡಬ್ಬಿಯಿಂದ ಒಂದು ಬಿಸ್ಕೀಟು ತೆಗೆದು ಚಹಾದಲ್ಲಿ ಅದ್ದುತ್ತಾನೆ. "ನಮ್ಮಪ್ಪನೂ ಹೈದರಾಬಾದಿಗೆ ಹ್ವಾದಾಗ ಇದನ್ನ ತರ್ತಿದ್ದ," ಅನ್ನುತ್ತಾನೆ.